ಸುಣ್ಣದಕಲ್ಲು ತಾನಾಗಿ ಸುಣ್ಣವಾಗುತ್ತದೆಯೇ? ಗಿಬ್ಸ್ ಲೆಕ್ಕ ಮಾಡುವ ಬಗೆ

ಪಿಯುಸಿ ಮಕ್ಕಳ ಥರ್ಮೊಡೈನಮಿಕ್ಸ್ ಲೆಕ್ಕ ತಿದ್ದಲು ಕೂತರೆ ಒಂದು ತಮಾಷೆ ಕಾಣುತ್ತದೆ. ಸೂತ್ರ ಸರಿ ಇರುತ್ತದೆ, ಕೋಷ್ಟಕದಿಂದ ಎತ್ತಿಕೊಂಡ ಅಂಕಿಗಳೂ ಸರಿ. ಉತ್ತರ ನಂಬಿದರೆ ಮಾತ್ರ ಶಹಾಬಾದ್ ಕಲ್ಲು ಹಾಸಿದ ನೆಲವೆಲ್ಲ ಇದ್ದಲ್ಲೇ ಸುಣ್ಣದ ಪುಡಿಯಾಗಿಬಿಡಬೇಕು! ಎಡವುವುದು ಎಲ್ಲಿ ಎಂದು ತೋರಿಸಲು ಆ ಕಲ್ಲೇ ಸಾಕು. ಅದು ಸುಣ್ಣದಕಲ್ಲು, ಅದರಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಚೆನ್ನಾಗಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಉಳಿಯುತ್ತದೆ. ಇದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾನಾಗಿ ನಡೆದೀತೇ? ಇಲ್ಲವಾದರೆ ಎಷ್ಟು ಕಾವು ಬೇಕು?

ಸೂತ್ರ ಒಂದೇ: ಡೆಲ್ಟಾ ಜಿ = ಡೆಲ್ಟಾ ಎಚ್ − ಟಿ × ಡೆಲ್ಟಾ ಎಸ್. ಡೆಲ್ಟಾ ಎಂದರೆ ಕ್ರಿಯೆಯಲ್ಲಿ ಆಗುವ ಬದಲಾವಣೆ. ಎಚ್ ಎಂದರೆ ಎಂಥಾಲ್ಪಿ (ಒತ್ತಡ ಬದಲಾಗದಿದ್ದಾಗ ಒಳಬರುವ ಅಥವಾ ಹೊರಹೋಗುವ ಶಾಖದ ಲೆಕ್ಕ), ಎಸ್ ಎಂದರೆ ಎಂಟ್ರೋಪಿ (ಶಕ್ತಿ ಎಷ್ಟು ಚದುರಿದೆ ಎಂಬುದರ ಅಳತೆ), ಟಿ ಕೆಲ್ವಿನ್‌ನಲ್ಲಿ ತಾಪಮಾನ, ಸೆಲ್ಸಿಯಸ್‌ಗೆ 273 ಕೂಡಿಸಿದರೆ ಬರುವುದು (25 ಡಿಗ್ರಿ ಎಂದರೆ 298). ಜಿ ಎಂಬುದು ಮುಕ್ತ ಶಕ್ತಿ. 1870ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಜೋಸಿಯಾ ವಿಲ್ಲರ್ಡ್ ಗಿಬ್ಸ್ ಕಟ್ಟಿಕೊಟ್ಟ ವಿಚಾರ. ತಾಪ, ಒತ್ತಡ ಬದಲಾಗದಿದ್ದಾಗ ಡೆಲ್ಟಾ ಜಿ ಋಣವಾದರೆ ಕ್ರಿಯೆ ಸ್ವಯಂಪ್ರೇರಿತ (ತಾನಾಗಿ ನಡೆಯುವಂಥದ್ದು), ಧನವಾದರೆ ಅಲ್ಲ, ಸೊನ್ನೆಯಾದರೆ ಸಮತೋಲ.

ಹಂತ 1. ಸಮೀಕರಣ ಸರಿದೂಗಿಸಿ, ಘನ, ದ್ರವ, ಅನಿಲ ಯಾವುದೆಂದು ಪಕ್ಕದಲ್ಲೇ ಬರೆಯಿರಿ. ಇಲ್ಲಿ: ಕ್ಯಾಲ್ಸಿಯಂ ಕಾರ್ಬೊನೇಟ್ (ಘನ) → ಕ್ಯಾಲ್ಸಿಯಂ ಆಕ್ಸೈಡ್ (ಘನ) + ಕಾರ್ಬನ್ ಡೈಆಕ್ಸೈಡ್ (ಅನಿಲ).

ಹಂತ 2. ಎಂಥಾಲ್ಪಿ. ಉತ್ಪನ್ನಗಳ (ಕ್ರಿಯೆಯಿಂದ ಬರುವ ವಸ್ತುಗಳ) ರಚನಾ ಎಂಥಾಲ್ಪಿಗಳ ಮೊತ್ತದಿಂದ ಪ್ರತಿವರ್ತಕಗಳ (ಕ್ರಿಯೆಗೆ ಇಳಿಯುವ ವಸ್ತುಗಳ) ಮೊತ್ತ ಕಳೆಯಿರಿ. ರಚನಾ ಎಂಥಾಲ್ಪಿ ಎಂದರೆ ಮೂಲಧಾತುಗಳಿಂದ ಒಂದು ಮೋಲ್ ವಸ್ತು ಆಗುವಾಗಿನ ಎಂಥಾಲ್ಪಿ ಬದಲಾವಣೆ. ಸುಟ್ಟ ಸುಣ್ಣಕ್ಕೆ −635.1, ಕಾರ್ಬನ್ ಡೈಆಕ್ಸೈಡ್‌ಗೆ −393.5, ಕಲ್ಲಿಗೆ −1206.9 ಕಿಲೋಜೂಲ್. ಫಲಿತಾಂಶ +178.3.

ಹಂತ 3. ಎಂಟ್ರೋಪಿ. ಸುಟ್ಟ ಸುಣ್ಣದ 39.8 ಮತ್ತು ಕಾರ್ಬನ್ ಡೈಆಕ್ಸೈಡ್‌ನ 213.7 ಕೂಡಿಸಿ ಕಲ್ಲಿನ 92.9 ಕಳೆದರೆ +160.6. ಇಲ್ಲಿ ಒಂದು ಗುಂಡಿಯಿದೆ. ಮೂಲಧಾತುಗಳ ರಚನಾ ಎಂಥಾಲ್ಪಿ ಸೊನ್ನೆ ಎಂದು ಕಲಿತವರು ಅವುಗಳ ಎಂಟ್ರೋಪಿಯನ್ನೂ ಸೊನ್ನೆ ಮಾಡಿಬಿಡುತ್ತಾರೆ. ಅಮೋನಿಯಾ ತಯಾರಿಯ (ಒಂದು ಮೋಲ್ ನೈಟ್ರೋಜನ್, ಮೂರು ಮೋಲ್ ಹೈಡ್ರೋಜನ್ ಸೇರಿ ಎರಡು ಮೋಲ್ ಅಮೋನಿಯಾ) ಲೆಕ್ಕದಲ್ಲಿ ಹಾಗೆ ಮಾಡಿ ನೋಡಿ: ಸುಮಾರು −199 ಬರಬೇಕಾದ ಕಡೆ +385 ಬರುತ್ತದೆ, ಚಿಹ್ನೆಯೇ ತಿರುಗುತ್ತದೆ. ನೈಟ್ರೋಜನ್‌ಗೆ 191.6, ಹೈಡ್ರೋಜನ್‌ಗೆ 130.7 ಇದೆ, ಬಿಡಬೇಡಿ. ನಾನು ಒಪ್ಪುವ ಅಡ್ಡದಾರಿ ಒಂದೇ: ಅನಿಲದ ಮೋಲ್‌ಗಳನ್ನು ಎಣಿಸುವುದು. ಹೆಚ್ಚಿದರೆ ಎಂಟ್ರೋಪಿ ಸಾಮಾನ್ಯವಾಗಿ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಅಮೋನಿಯಾದಲ್ಲಿ ನಾಲ್ಕು ಮೋಲ್ ಹೋಗಿ ಎರಡಾಗುತ್ತದೆ. ಧನ ಬಂತೆಂದರೆ ಅಲ್ಲೇ ಪೆನ್ನು ನಿಲ್ಲಿಸಿ.

ಹಂತ 4. ಲೆಕ್ಕ ಕೆಡುವುದು ಇಲ್ಲಿ. ಮೇಲಿನ 178.3 ಇರುವುದು ಕಿಲೋಜೂಲ್‌ನಲ್ಲಿ. 160.6 ಇರುವುದು ಬರೀ ಜೂಲ್‌ನಲ್ಲಿ, ಪ್ರತಿ ಕೆಲ್ವಿನ್‌ಗೆ. ಕೋಷ್ಟಕಗಳು ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕುತ್ತವೆ, ಅಳತೆಯ ಮಾನ ಮಾತ್ರ ಮೇಲೆಲ್ಲೋ ತಲೆಬರಹದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅದನ್ನು ನೋಡದೆ 178.3 − 298 × 160.6 ಎಂದು ಕ್ಯಾಲ್ಕುಲೇಟರ್ ಒತ್ತಿದರೆ −47,680 ಬರುತ್ತದೆ. ಋಣ ಬಂತು, ಸ್ವಯಂಪ್ರೇರಿತ ಎಂದು ಬರೆದು ಕೆಳಗೆರಡು ಗೆರೆ ಎಳೆದರೆ ಆಯಿತು, ತಾಜ್‌ಮಹಲಿನ ಅಮೃತಶಿಲೆಯೂ ಸುಣ್ಣ!

ಹಾಗಾಗಿ ಎಂಟ್ರೋಪಿ ಸಿಕ್ಕ ಕ್ಷಣವೇ ಅದನ್ನು 1000ದಿಂದ ಭಾಗಿಸಿ, 0.1606 ಎಂದು ಬರೆದು, ಹಳೆಯ ಅಂಕಿಯ ಮೇಲೆ ಗೆರೆ ಎಳೆಯಿರಿ. 'ಆಮೇಲೆ ಮಾಡಿದರಾಯ್ತು' ಎಂದವರು ಮರೆಯುತ್ತಾರೆ. ಎಂಥಾಲ್ಪಿಯನ್ನೇ ಜೂಲ್‌ಗೆ ಬದಲಿಸಿ ಎನ್ನುವ ಮೇಷ್ಟ್ರುಗಳಿದ್ದಾರೆ. ಸೊನ್ನೆಗಳ ಸಾಲು ಬೆಳೆದು ಇನ್ನೊಂದು ತಪ್ಪಿಗೆ ಅದೇ ದಾರಿ. ಈಗ 298 × 0.1606 = 47.9. 178.3ರಿಂದ ಕಳೆದರೆ +130.4 ಕಿಲೋಜೂಲ್. ನಿಮ್ಮ ನೆಲಕ್ಕೆ ಭಯವಿಲ್ಲ. ತಾಪವನ್ನು 25 ಎಂದೇ ಹಾಕಿದ್ದರೆ 174.3 ಬರುತ್ತಿತ್ತು, ಚಿಹ್ನೆ ಸರಿಯೇ ಇರುವುದರಿಂದ ಆ ತಪ್ಪು ಕಣ್ಣಿಗೂ ಬೀಳುವುದಿಲ್ಲ.

ಡೆಲ್ಟಾ ಎಚ್, ಡೆಲ್ಟಾ ಎಸ್‌ಗಳ ಪ್ಲಸ್ ಮೈನಸ್ ತುಂಬಿದ ನಾಲ್ಕು ಮನೆಯ ಚಾರ್ಟನ್ನು ಗೈಡುಗಳು ಬಾಯಿಪಾಠ ಮಾಡಿಸುತ್ತವೆ. ಕೊಳ್ಳುವುದೇ ಬೇಡ. ಸೂತ್ರವನ್ನು ಒಮ್ಮೆ ನೋಡಿದರೆ ಆ ನಾಲ್ಕೂ ಅಲ್ಲೇ ಇವೆ. ರಚನಾ ಮುಕ್ತ ಶಕ್ತಿಯ ಕೋಷ್ಟಕದಿಂದ ನೇರ ಉತ್ತರ ತೆಗೆಯುವ ಉಪಾಯವೂ ಅರ್ಧಕ್ಕೆ ಕೈಕೊಡುತ್ತದೆ. ಅದು ಸಾಮಾನ್ಯವಾಗಿ 298 ಕೆಲ್ವಿನ್‌ಗೆ ಮಾತ್ರ, ಮುಂದಿನ ಹಂತಕ್ಕೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಸ್ವಯಂಪ್ರೇರಿತ ಎಂದರೆ ಬೇಗ ಎಂದಲ್ಲ. ವಜ್ರ ಗ್ರಾಫೈಟ್ ಆಗುವ ಕ್ರಿಯೆಗೆ 298 ಕೆಲ್ವಿನ್‌ನಲ್ಲಿ ಡೆಲ್ಟಾ ಜಿ ಸುಮಾರು −2.9 ಕಿಲೋಜೂಲ್, ಆದರೂ ಒಡವೆ ಅಂಗಡಿಯವರು ನಿದ್ದೆಗೆಟ್ಟಿಲ್ಲ. ವೇಗದ ಬಗ್ಗೆ ಈ ಸೂತ್ರ ಏನನ್ನೂ ಹೇಳುವುದಿಲ್ಲ.

ಹಂತ 5. ಡೆಲ್ಟಾ ಜಿಯನ್ನು ಸೊನ್ನೆ ಮಾಡಿ ತಾಪ ತೆಗೆಯಿರಿ: 178.3 ÷ 0.1606 = 1110 ಕೆಲ್ವಿನ್, ಅಂದರೆ 837 ಡಿಗ್ರಿ ಸೆಲ್ಸಿಯಸ್. ಪರೀಕ್ಷೆಗೆ ಇಷ್ಟು ಸಾಕು. ನಿಜದಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ 1 ಬಾರ್ (ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಮುಟ್ಟಲು ಸುಮಾರು 900 ಡಿಗ್ರಿ ಬೇಕು. 298 ಕೆಲ್ವಿನ್‌ನ ಅಂಕಿಗಳು ಅಷ್ಟು ಮೇಲಕ್ಕೂ ಬದಲಾಗವು ಎಂದು ಹಿಡಿದುಕೊಂಡದ್ದರ ಫಲ ಈ ವ್ಯತ್ಯಾಸ. ಭಟ್ಟಿಯಲ್ಲಿ ಗಾಳಿಯಾಡಿ ಅನಿಲ ಹೊರಹೋಗುತ್ತಿದ್ದರೆ ಕಲ್ಲು ಇದಕ್ಕಿಂತ ಕಡಿಮೆ ಕಾವಿಗೇ ಒಡೆಯತೊಡಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಅನಿಲ ತುಂಬಿಕೊಂಡು ಕ್ರಿಯೆ ನಡುವೆಯೇ ನಿಲ್ಲಬಹುದು. ಪ್ರಶ್ನೆಯಲ್ಲಿ ಕಾರ್ಬನ್ ಡೈಆಕ್ಸೈಡ್‌ಗೆ 1 ಬಾರ್ ಬಿಟ್ಟು ಬೇರೆ ಒತ್ತಡ ಕೊಟ್ಟಿದ್ದರೆ ಡೆಲ್ಟಾ ಜಿಗೆ 'ಆರ್ × ಟಿ × ಆ ಒತ್ತಡದ ಸಹಜ ಲಾಗ್' ಕೂಡಿಸಿ, ಒತ್ತಡ ಬಾರ್‌ನಲ್ಲಿರಲಿ. ಆರ್ ಎಂದರೆ ಅನಿಲ ಸ್ಥಿರಾಂಕ, ಅದರ ಬೆಲೆಯಾದ 8.314 ಕೂಡ ಜೂಲ್‌ನಲ್ಲೇ ಇದೆ. ಅದನ್ನೂ 1000ದಿಂದ ಭಾಗಿಸಿ.