ಡೇಟಾ ಡೈರೆಕ್ಟರಿ ಒಳಗೆ ಯಾರು ಕೈ ಹಾಕ್ಬೇಕು: ನಾವು ಕೆಲ್ಸ ಹಂಚ್ಕೊಂಡಿದ್ದು ಹೀಗೆ

ನಾವು ಡೇಟಾಬೇಸ್ ನೋಡ್ಕೊಳ್ಳೋ ಟೀಮ್ (ಡಿಬಿಎ), ಸರ್ವರ್ ನೋಡ್ಕೊಳ್ಳೋದು ಸಿಸ್ಟಮ್ ಅಡ್ಮಿನ್ ಟೀಮ್. ನಾವಿನ್ನೂ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರಿನ 9.6 ವರ್ಷನ್ನಲ್ಲಿದ್ದಾಗಿನ ಮಾತು. ರಾತ್ರಿ ಎರಡೂವರೆಗೆ ಫೋನ್ ಬಂತು, ಡ್ಯೂಟಿಲಿದ್ದ ಸಿಸ್ಟಮ್ ಅಡ್ಮಿನ್ ಹುಡುಗ, "ಸಾರ್, ಡಿಸ್ಕ್ ಫುಲ್ ಆಗಿತ್ತು, ಹಳೇ ಲಾಗ್ ಎಲ್ಲಾ ತೆಗ್ದೆ, ಈಗ ಜಾಗ ಇದೆ, ಆದ್ರೂ ಡೇಟಾಬೇಸ್ ಏಳ್ತಿಲ್ಲ" ಅಂದ. ಯಾವ ಲಾಗಪ್ಪಾ ಅಂತ ಕೇಳಿದ್ರೆ ಡೇಟಾ ಡೈರೆಕ್ಟರಿ, ಅಂದ್ರೆ ಪೋಸ್ಟ್‌ಗ್ರೆಸ್ ತನ್ನ ಫೈಲೆಲ್ಲಾ ಇಡೋ ಜಾಗದ ಒಳಗಿನ ಪಿಜಿ ಎಕ್ಸ್‌ಲಾಗ್ ಫೋಲ್ಡರ್! ಅದ್ರಲ್ಲಿರೋದು ನಾವು ಓದೋ ಲಾಗ್ ಅಲ್ಲ, ಪ್ರತಿ ಬದಲಾವಣೆನೂ ಮೊದ್ಲು ಬರ್ದಿಡೋ ವಾಲ್ ಫೈಲ್‌ಗಳು, ಒಂದೊಂದು 16 ಎಂಬಿ, ಡೇಟಾಬೇಸ್ ಬಿದ್ರೆ ಮತ್ತೆ ಏಳೋದೇ ಅದನ್ನ ಓದ್ಕೊಂಡು. ಎಲ್ಲಿಂದ ಓದೋಕೆ ಶುರು ಮಾಡ್ಬೇಕು ಅಂತ ಹೇಳೋ ಚೆಕ್‌ಪಾಯಿಂಟ್ ರೆಕಾರ್ಡ್ ಸಿಗ್ತಿಲ್ಲ ಅನ್ನೋ ಪ್ಯಾನಿಕ್ ಮೆಸೇಜ್ ನೋಡಿ ನನ್ನ ಕೈಕಾಲು ತಣ್ಣಗಾಯ್ತು. ಬ್ಯಾಕಪ್ಪಿಂದ ಎಬ್ಬಿಸಿದ್ವಿ, ಆದ್ರೆ ಆರು ಗಂಟೆಯ ಡೇಟಾ ಹೋಯ್ತು.

ಆ ಹುಡುಗನ್ನ ಬೈಯೋಕೆ ನನಗೆ ಮನಸ್ಸಾಗ್ಲಿಲ್ಲ. ಹೆಸ್ರಲ್ಲೇ ಲಾಗ್ ಅಂತಿದೆಯಲ್ಲಾ. ಹೀಗೆ ಅಳಿಸಿಬಿಡೋರು ಜಾಸ್ತಿ ಅಂತಲೇ 2017ರಲ್ಲಿ ಬಂದ ವರ್ಷನ್ 10ರಲ್ಲಿ ಅದನ್ನ ಪಿಜಿ ವಾಲ್ ಅಂತ ಬದಲಾಯಿಸಿದ್ರು. ಬೆಳಿಗ್ಗೆ ಕೂತು ನೋಡಿದಾಗ ಗೊತ್ತಾಯ್ತು, ರಾತ್ರಿ ಎಂಟಕ್ಕೆ ಬ್ಯಾಕಪ್ ಸರ್ವರ್ ರೀಬೂಟ್ ಆಗಿ ಅದರ ಡಿಸ್ಕನ್ನ ನೆಟ್‌ವರ್ಕ್ ಮೂಲಕ ನಮ್ಮ ಸರ್ವರಿಗೆ ಜೋಡಿಸಿದ್ದ ಎನ್‌ಎಫ್‌ಎಸ್ ಮೌಂಟ್ ಬಿಟ್ಟೋಗಿತ್ತು, ಆಗಿಂದ ವಾಲ್ ಫೈಲ್‌ಗಳನ್ನ ಅಲ್ಲಿಗೆ ಕಾಪಿ ಮಾಡೋ ಆರ್ಕೈವ್ ಕಮಾಂಡ್ ಫೇಲ್ ಆಗ್ತಾನೇ ಇತ್ತು, ಆರ್ಕೈವ್ ಆಗ್ದಿರೋ ವಾಲ್ ಫೈಲನ್ನ ಪೋಸ್ಟ್‌ಗ್ರೆಸ್ ತೆಗೆಯಲ್ಲ, ಡಿಸ್ಕ್ ತುಂಬ್ತು. ಮೌಂಟ್ ಸಿಸ್ಟಮ್ ಅಡ್ಮಿನ್ ಟೀಮಿಂದು, ಕಮಾಂಡ್ ನಮ್ದು, ಎರಡೂ ಸೇರೋ ಕಡೆ ನೋಡ್ಕೊಳ್ಳೋರೇ ಇರ್ಲಿಲ್ಲ.

ಆ ವಾರನೇ ಎರಡೂ ಟೀಮ್ ಕೂತು ಒಂದೇ ಪುಟದಲ್ಲಿ ಬರ್ಕೊಂಡ್ವಿ. ಡಿಸ್ಕ್, ಎಲ್‌ವಿಎಂ (ಡಿಸ್ಕ್ ಜಾಗ ಹಂಚೋ ವ್ಯವಸ್ಥೆ), ಮೌಂಟ್, ಕರ್ನಲ್, ಓಎಸ್ ಪ್ಯಾಚ್ ಅವ್ರ ಕೈಲಿ. ಡೇಟಾ ಡೈರೆಕ್ಟರಿ ಒಳಗಿಂದೆಲ್ಲಾ ಡಿಬಿಎ ಕೈಲಿ, ಅಲ್ಲಿ ರೂಟ್ (ಸರ್ವರ್ ಮೇಲೆ ಪೂರ್ತಿ ಅಧಿಕಾರ) ಇದ್ರೂ ಯಾರೂ ಏನೂ ಅಳಿಸೋ ಹಾಗಿಲ್ಲ. ನಮಗೆ sudo (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸೋಕೆ ಬಿಡೋದು) ಮೂಲಕ ಪೋಸ್ಟ್‌ಗ್ರೆಸ್ ಸರ್ವಿಸ್ ನಿಲ್ಸೋಕೆ, ಶುರು ಮಾಡೋಕೆ ಮಾತ್ರ ಪರ್ಮಿಷನ್, ಅಷ್ಟು ಸಾಕಾಗುತ್ತೆ. ಆರ್ಕೈವ್ ಫೇಲ್ ಆದ್ರೆ ಅಲರ್ಟ್ ಇಬ್ರಿಗೂ ಹೋಗುತ್ತೆ. ಇನ್ನೊಂದು, ಡೇಟಾ ಡೈರೆಕ್ಟರಿ ಇರೋ ಮೌಂಟಲ್ಲೇ, ಆದ್ರೆ ಆ ಡೈರೆಕ್ಟರಿ ಹೊರಗೆ 2 ಜಿಬಿಯ ಒಂದು ಡಮ್ಮಿ ಫೈಲ್ ಇಟ್ಟಿದೀವಿ, ರಾತ್ರಿ ಡಿಸ್ಕ್ ತುಂಬಿದ್ರೆ ಡ್ಯೂಟಿಲಿರೋರು ಅದನ್ನ ಮಾತ್ರ ಅಳಿಸಿ ನಮಗೆ ಫೋನ್ ಮಾಡ್ಬೇಕು. ಇದು ನಿಜವಾಗ್ಲೂ ಉಪಯೋಗಕ್ಕೆ ಬಂದಿದೆ, ನೀವೂ ಇಟ್ಕೊಳ್ಳಿ.

ಹ್ಯೂಜ್ ಪೇಜಸ್ (ಮೆಮೊರಿನ ದೊಡ್ಡ ತುಂಡುಗಳಲ್ಲಿ ಕೊಡೋದು) ಥರದ್ದು ಇಬ್ರಿಗೂ ಸೇರಿದ್ದು: ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್ ಡೇಟಾ ಇಟ್ಕೊಳ್ಳೋ ಮೆಮೊರಿ) 8 ಜಿಬಿ ಅಂದ್ರೆ 2 ಎಂಬಿ ಪೇಜು 4096, ಮೇಲೆ ಸ್ವಲ್ಪ ಅಂತ ಲೆಕ್ಕ ಕೊಡೋದು ನಾವು, ಸಿಸ್‌ಕಂಟ್ರೋಲಲ್ಲಿ (ಕರ್ನಲ್ ಸೆಟ್ಟಿಂಗ್) ಹಾಕೋದು ಅವ್ರು.

ಕಷ್ಟ ಆಗಿದ್ದು ಓಎಸ್ ಅಪ್‌ಗ್ರೇಡ್. ಅದು ಅವ್ರ ಕೆಲ್ಸ ಅಂತ ಸುಲಭವಾಗಿ ಬರ್ದುಬಿಟ್ಟಿದ್ವಿ. ಆದ್ರೆ ಸಾರ್ಟಿಂಗಿಗೆ ಪೋಸ್ಟ್‌ಗ್ರೆಸ್ ನಂಬೋ ಲಿನಕ್ಸ್ ಲೈಬ್ರರಿ ಜಿಲಿಬ್‌ಸಿ, ಅದರ 2018ರ 2.28 ವರ್ಷನ್ನಲ್ಲಿ ಅಕ್ಷರಗಳ ಸಾರ್ಟಿಂಗ್ ಕ್ರಮನೇ ಬದಲಾಯ್ತು, ರೆಡ್‌ಹ್ಯಾಟ್ ಲಿನಕ್ಸ್ 7ರಿಂದ 8ಕ್ಕೆ ಹೋದ್ರೆ ಟೆಕ್ಸ್ಟ್ ಕಾಲಮ್ ಮೇಲಿನ ಇಂಡೆಕ್ಸ್ (ಬೇಗ ಹುಡುಕೋಕೆ ಕ್ರಮದಲ್ಲಿ ಜೋಡಿಸಿಟ್ಟ ಪಟ್ಟಿ) ಕೆಡಬಹುದು, ಎರರ್ರೂ ಬರಲ್ಲ, ಇರೋ ಸಾಲೇ ಸರ್ಚಲ್ಲಿ ಸಿಗ್ದೇ ಹೋಗ್ಬಹುದು. ಅದಕ್ಕೇ ಈಗ ಅಪ್‌ಗ್ರೇಡ್ ಟಿಕೆಟಲ್ಲಿ ಇಬ್ರ ಸೈನೂ ಬೇಕು, ಮತ್ತೆ ಕಟ್ಬೇಕಾದ ಇಂಡೆಕ್ಸ್‌ಗಳ (ರೀಇಂಡೆಕ್ಸ್) ಪಟ್ಟಿ ನಾನು ಕೊಡೋವರೆಗೂ ಅವ್ರು ಡೇಟ್ ಹಾಕಲ್ಲ.