ದಂಡದ ನೋಟಿಸ್ ಬಂದಾಗ ಲಕೋಟೆಯನ್ನೂ ಎತ್ತಿಡಿ

ನಾನು ಕಾಲಿಡದ ರಸ್ತೆಯಲ್ಲಿ ನನ್ನ ಸ್ಕೂಟರ್ ಅತಿವೇಗವಾಗಿ ಓಡಿತೆಂದು ಒಮ್ಮೆ ನೋಟಿಸ್ ಬಂತು. ಅಲ್ಲಿಯವರೆಗೆ ಇಂಥವನ್ನೆಲ್ಲ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದೆ. ಆ ಸಲ ಮಾತ್ರ ಜೊತೆಗಿದ್ದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಸಂಖ್ಯೆಯ ಕೊನೆಯ ಅಂಕಿ 3, ಫಲಕದಲ್ಲಿದ್ದದ್ದು 8. ಎಡಬದಿಗೆ ಕೆಸರು ಮೆತ್ತಿ ಅದು ಕ್ಯಾಮೆರಾಗೆ 3 ಆಗಿ ಕಂಡಿತ್ತು. ಆ ಸ್ಕೂಟರಿನ ಹಿಂದೆ ಪೆಟ್ಟಿಗೆಯೂ ಇತ್ತು, ನನ್ನದಕ್ಕಿಲ್ಲ.

ಆದ್ದರಿಂದ ಮೊದಲು ಸಾಕ್ಷ್ಯ ನೋಡಿ. ಕಳುಹಿಸದಿದ್ದರೆ ಕೇಳಿ ಪಡೆಯಿರಿ. ದಿನಾಂಕ, ಸಮಯ, ಸ್ಥಳ, ಯಾವ ನಿಯಮ ಮುರಿದಿರಿ ಎಂಬುದು, ಎಲ್ಲವನ್ನೂ ಬೆರಳಿಟ್ಟು ಓದಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದೆಯೆಂದು ಹಿಗ್ಗಬೇಡಿ. ಅಂಥದ್ದನ್ನು ಸಾಮಾನ್ಯವಾಗಿ ತಿದ್ದಿ ದಂಡವನ್ನು ಉಳಿಸಿಕೊಳ್ಳುತ್ತಾರೆ.

ಆಕ್ಷೇಪಣೆಯ ಗಡುವನ್ನು ಅಂದೇ ಬರೆದಿಟ್ಟುಕೊಳ್ಳಿ. ನೋಟಿಸ್ ತಡವಾಗಿ ತಲುಪಿದ್ದರೆ ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ನಿಮ್ಮ ಸಾಕ್ಷಿ. ಬೇಗ ಕಟ್ಟಿದರೆ ರಿಯಾಯಿತಿ ಎಂದಿದ್ದರೂ ಅವಸರ ಬೇಡ: ಹಲವು ಕಡೆ ಹಣ ಕಟ್ಟುವುದೆಂದರೆ ತಪ್ಪೊಪ್ಪಿಕೊಂಡಂತೆ, ಆಮೇಲೆ ತಕರಾರಿಗೆ ಅವಕಾಶವಿರುವುದಿಲ್ಲ.

ಅರ್ಜಿ ಒಂದು ಪುಟ ಮೀರದಿರಲಿ. ನಾನು ಬರೆದದ್ದು ಇಷ್ಟೇ: ‘ಫೋಟೊದಲ್ಲಿರುವ ವಾಹನ ನನ್ನದಲ್ಲ. ಕೊನೆಯ ಅಂಕಿಯನ್ನೂ ಹಿಂದಿನ ಪೆಟ್ಟಿಗೆಯನ್ನೂ ಗಮನಿಸಿ. ನನ್ನ ವಾಹನದ ಫೋಟೊ, ನೋಂದಣಿ ಪತ್ರದ ಪ್ರತಿ ಲಗತ್ತಿಸಿದ್ದೇನೆ. ದಂಡ ರದ್ದುಪಡಿಸಬೇಕೆಂದು ಕೋರುತ್ತೇನೆ.’ ವ್ಯವಸ್ಥೆಯನ್ನು ಬೈಯುವ ಮೂರು ಸಾಲುಗಳನ್ನು ಬರೆದು ಹೊಡೆದುಹಾಕಿದ್ದೆ. ಓದುವ ಗುಮಾಸ್ತರು ನನಗೇನು ಅನ್ಯಾಯ ಮಾಡಿದ್ದರು? ಮೂಲ ದಾಖಲೆ ಕೊಡಬೇಡಿ, ಸ್ವೀಕೃತಿ ಪಡೆಯದೆ ಬರಬೇಡಿ. ಹತ್ತೊಂಬತ್ತನೆಯ ದಿನ ದಂಡ ರದ್ದಾದ ಪತ್ರ ಬಂತು.

ತಪ್ಪು ನಿಮ್ಮದೇ ಆಗಿದ್ದರೆ ಸುಳ್ಳು ಹೇಳದೆ ಮನ್ನಾ ಕೇಳಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನನ್ನ ತೆರಿಗೆ ವಿವರ ಸಲ್ಲಿಕೆ ತಡವಾಗಿತ್ತು. ದಾಖಲಾದ ದಿನ, ಬಿಡುಗಡೆಯಾದ ದಿನ, ವಿವರ ಸಲ್ಲಿಸಿದ ದಿನ, ಈ ಮೂರನ್ನು ಒಂದರ ಕೆಳಗೊಂದು ಬರೆದು ಆಸ್ಪತ್ರೆಯ ಕಾಗದ ಲಗತ್ತಿಸಿದೆ. ದಂಡ ಬಿಟ್ಟರು, ಬಡ್ಡಿ ಬಿಡಲಿಲ್ಲ. ಬಡ್ಡಿಯ ಮನ್ನಾ ಸಿಗುವುದು ಕಷ್ಟ, ಅದನ್ನು ಕಟ್ಟಿಬಿಟ್ಟೆ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೇಲ್ಮನವಿಯ ಶುಲ್ಕ, ಓಡಾಟ, ಕಳೆಯುವ ದಿನಗೂಲಿ ಸೇರಿ ದಂಡವನ್ನೇ ಮೀರುವಂತಿದ್ದರೆ, ಮುಂದುವರಿಯುವ ಮೊದಲು ಕಾಗದದ ಮೇಲೆ ಕೂಡಿ ನೋಡಿ.