ಲೂಯಿ ಡೆ ಗೀರ್‌ನ ಜೀವನಚರಿತ್ರೆಯನ್ನು ತುಮಕೂರಿನ ಓದುಗರಿಗೆ ಬರೆಯುವ ಬಗೆ

ಹದಿನೇಳನೆಯ ಶತಮಾನದ ಈ ಡಚ್ ಕಬ್ಬಿಣೋದ್ಯಮಿಯ ಬಗ್ಗೆ ಬರೆಯುವವರು ಆತನನ್ನು ‘ಸ್ವೀಡನ್ನಿನ ಕೈಗಾರಿಕೆಯ ಪಿತಾಮಹ’ ಎಂದು ಹೊಗಳುತ್ತ ಆರಂಭಿಸುವುದಕ್ಕಿಂತ, ಸ್ವೀಡನ್ನಿನ ದೊರೆಗೆ ಆತ ಕೊಟ್ಟ ಸಾಲದಿಂದ ಆರಂಭಿಸುವುದು ಮೇಲು. 1587ರಲ್ಲಿ ಇಂದಿನ ಬೆಲ್ಜಿಯಂನ ಲಿಯೇಜ್‌ನಲ್ಲಿ ಹುಟ್ಟಿ, ಕ್ಯಾಲ್ವಿನ್ ಪಂಥದ ಕುಟುಂಬದೊಡನೆ ಹಾಲೆಂಡಿನ ಡಾರ್ಡ್ರೆಕ್ಟ್‌ಗೆ ವಲಸೆ ಬಂದು, 1615ರಲ್ಲಿ ಆಮ್‌ಸ್ಟರ್‌ಡ್ಯಾಮ್ ಸೇರಿದ ವರ್ತಕ ಎಂಬುದನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು. ದೊರೆ ಗುಸ್ತಾವ್ ಅಡಾಲ್ಫನಿಗೆ ಯುದ್ಧಕ್ಕೆ ಹಣ ಮತ್ತು ಫಿರಂಗಿ ಬೇಕಿದ್ದವು. ಡೆ ಗೀರ್ ಎರಡನ್ನೂ ಒದಗಿಸಿದ. ವಿಲ್ಲೆಮ್ ಡ ಬೆಷೆಯ ಪಾಲುದಾರಿಕೆಯಲ್ಲಿ ಗುತ್ತಿಗೆಗೆ ಹಿಡಿದ, ಸ್ವೀಡನ್ನಿನ ಫಿನ್‌ಸ್ಪಾಂಗ್ ಕಬ್ಬಿಣದ ಕಾರ್ಖಾನೆ 1640ರ ದಶಕದ ಆರಂಭದಲ್ಲಿ ಆತನ ಸ್ವಂತದ್ದಾಯಿತು. ಸಾಲದಿಂದ ಒಡೆತನದವರೆಗಿನ ಈ ಸರಪಳಿಯನ್ನು ಬಿಡಿಸಿ ಹೇಳದೆ ಮುಂದೆ ಹೋಗಬೇಡಿ.

ನಿಧಾನಿಸಬೇಕಾದದ್ದು ಕಾರ್ಖಾನೆಯ ಕೆಲಸದಲ್ಲಿ. ಚಿಕ್ಕನಾಯಕನಹಳ್ಳಿಯ ಗಣಿಗಳನ್ನು ಬಲ್ಲ ನಮ್ಮ ಓದುಗರಿಗೆ ಅದಿರೆಂದರೇನೆಂದು ಹೇಳಬೇಕಿಲ್ಲ. ಅದಿರಿನ ಜೊತೆಗೆ ಇದ್ದಿಲಿಗಾಗಿ ಕಾಡು, ಚಕ್ರ ತಿರುಗಿಸಲು ಹರಿಯುವ ನೀರು ಮತ್ತು ಪಳಗಿದ ಕೆಲಸಗಾರರು ಒಂದೆಡೆ ಕೂಡಬೇಕಿತ್ತೆಂಬುದನ್ನು ಹೇಳಬೇಕು. ಆ ಕೆಲಸಗಾರರನ್ನು ಆತ ತನ್ನ ಹುಟ್ಟೂರಿನ ಸುತ್ತಲಿನ ವಾಲೂನ್ ನಾಡಿನಿಂದ ಕರೆಸಿಕೊಂಡ. ಸ್ವೀಡನ್ನಿನ ಡಾನೆಮೋರಾ ಗಣಿಯ, ರಂಜಕ ಕಡಿಮೆಯಿರುವ ಅದಿರಿನಿಂದ ಬಂದ ಬೀಡುಕಬ್ಬಿಣವನ್ನು ಅವರು ಒಂದು ಒಲೆಯಲ್ಲಿ ಕರಗಿಸಿ ಶುದ್ಧಗೊಳಿಸಿ, ಇನ್ನೊಂದರಲ್ಲಿ ಕಾಯಿಸಿ, ನೀರಿನ ಬಲದ ಸುತ್ತಿಗೆಯಿಂದ ಪಟ್ಟಿಗಳಾಗಿ ಬಡಿಯುತ್ತಿದ್ದರು. ಕುಲುಮೆಯ ಮುಂದೆ ನಿಂತು ನೋಡಿದವರಿಗೆ, ನಮ್ಮಲ್ಲಿ ಕೈ ಎಳೆಯುವ ತಿದಿಯನ್ನು ಅಲ್ಲಿ ನೀರು ಎಳೆಯುತ್ತಿತ್ತು ಎಂದರೆ ಸಾಕು.

ದಿನಾಂಕಗಳಲ್ಲಿ ಎಚ್ಚರಿಕೆಯಿರಲಿ. ಆಗ ಸ್ವೀಡನ್ ಜೂಲಿಯನ್ ಪಂಚಾಂಗವನ್ನೂ ಆಮ್‌ಸ್ಟರ್‌ಡ್ಯಾಮ್ ಗ್ರೆಗೋರಿಯನ್ ಪಂಚಾಂಗವನ್ನೂ ಅನುಸರಿಸುತ್ತಿದ್ದುದರಿಂದ ಒಂದೇ ದಿನಕ್ಕೆ 10 ದಿನಗಳ ಅಂತರವಿರುವ ಎರಡು ತಾರೀಖುಗಳು ಸಿಗುತ್ತವೆ; ಯಾವುದನ್ನು ಬಳಸಿದ್ದೀರೆಂದು ಮೊದಲಲ್ಲೇ ತಿಳಿಸಿ.

ಡೆನ್ಮಾರ್ಕ್ ವಿರುದ್ಧ 1644ರಲ್ಲಿ ಸ್ವೀಡನ್ನಿಗಾಗಿ ಆತ ಹಡಗುಪಡೆಯನ್ನೇ ಬಾಡಿಗೆಗೆ ಹೊಂದಿಸಿದ್ದು, ವಿದ್ವಾಂಸ ಕೊಮೇನಿಯಸ್‌ಗೆ ಆಶ್ರಯ ಕೊಟ್ಟದ್ದು ಸೊಗಸಾದ ಪ್ರಸಂಗಗಳೇ ಸರಿ. ಅವುಗಳ ಪಕ್ಕದಲ್ಲೇ 1649ರ ಸ್ವೀಡಿಷ್ ಆಫ್ರಿಕಾ ಕಂಪನಿಯೂ ಬರಲೇಬೇಕು; ಚಿನ್ನ, ದಂತಗಳೊಡನೆ ಮನುಷ್ಯರನ್ನೂ ಮಾರಿದ ಆ ವ್ಯಾಪಾರಕ್ಕೆ ಹಣ ಹೂಡಿದವನೂ ಇವನೇ. ಇದನ್ನು ಅಡಿಟಿಪ್ಪಣಿಗೆ ತಳ್ಳುವುದು ನನ್ನ ದೃಷ್ಟಿಯಲ್ಲಿ ಅಪ್ರಾಮಾಣಿಕತೆ.

ಆತ 1652ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡಾಗ ಉಳಿದ ಆಸ್ತಿಯನ್ನು ಇಂದಿನ ರೂಪಾಯಿಗೆ ಪರಿವರ್ತಿಸಲು ಹೋಗಬೇಡಿ. ಅದೇ ಕಾಲದ ಕೂಲಿಯನ್ನೋ ಧಾನ್ಯದ ಬೆಲೆಯನ್ನೋ ಪಕ್ಕದಲ್ಲಿಟ್ಟರೆ ಓದುಗರು ತಾವೇ ಅಳೆದುಕೊಳ್ಳುತ್ತಾರೆ.